ತಾಮ್ರದ ತಗಡಿನಲ್ಲಿ ಉಬ್ಬು ಕೆಲಸ: ಉಳಿ, ಸುತ್ತಿಗೆ, ಅರಗು ಮತ್ತು ಹಂತಗಳ ಕ್ರಮ

ತಾಮ್ರದ ತಗಡಿನ ಮೇಲೆ ಉಬ್ಬು ಕೆಲಸ ಕಲಿಯಲು ಹೊರಟವರು ಕೆಟ್ಟುಹೋಯಿತೆಂದು ತಂದು ತೋರಿಸುವ ತುಂಡುಗಳಲ್ಲಿ ದೋಷಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ: ಉಬ್ಬಿನ ಅಂಚಿನಲ್ಲಿ ಬಿರುಕು, ಹಲ್ಲುಹಲ್ಲಾಗಿ ಕಾಣುವ ಗೆರೆ, ಎಷ್ಟು ತಟ್ಟಿದರೂ ಮಟ್ಟಸವಾಗದ ಹಿನ್ನೆಲೆ. ಕೈ ಪಳಗಿಲ್ಲದ್ದರಿಂದ ಹೀಗಾಯಿತೆಂದು ಅವರು ತಿಳಿಯುತ್ತಾರೆ. ಆದರೆ ಬಿರುಕು ಕಣ್ಣಿಗೆ ಬೀಳುವ ಹಂತದಲ್ಲಿ ತಪ್ಪು ನಡೆದಿರುವುದಿಲ್ಲ; ಅದಕ್ಕೆ ಒಂದೆರಡು ಹಂತ ಮೊದಲೇ, ತಗಡನ್ನು ಕಾಯಿಸದೆ ಮುಂದುವರಿದಾಗಲೋ ತಗಡಿಗೂ ಅದನ್ನು ಹಿಡಿದಿಡುವ ಅರಗಿಗೂ ನಡುವೆ ಗಾಳಿ ಉಳಿದಾಗಲೋ ನಡೆದುಹೋಗಿರುತ್ತದೆ. ಆದ್ದರಿಂದ ಇಲ್ಲಿ ಹಂತಗಳ ಕ್ರಮಕ್ಕೂ ಪ್ರತಿ ಹಂತದಲ್ಲಿ ಲೋಹ ಕೊಡುವ ಸೂಚನೆಗಳಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಭ್ಯಾಸಕ್ಕೆ 15 ಸೆಂ.ಮೀ. ಉದ್ದಗಲದ ತಗಡಿನಲ್ಲಿ 9 ಸೆಂ.ಮೀ. ಎತ್ತರದ ಒಂದು ಮಾವಿನಕಾಯಿ ಆಕೃತಿಯನ್ನು, ಸುಮಾರು 8 ಮಿ.ಮೀ. ಉಬ್ಬಿನಲ್ಲಿ ಮಾಡುವುದೆಂದು ಇಟ್ಟುಕೊಳ್ಳೋಣ. ಅದರ ಹೊಟ್ಟೆಯ ಭಾಗ ಸುಲಭ, ಬಾಗಿದ ತುದಿ ಕಷ್ಟ. ಎರಡೂ ಒಂದೇ ತುಂಡಿನಲ್ಲಿರುವುದರಿಂದ ಕಲಿಯಲು ಇದಕ್ಕಿಂತ ಅನುಕೂಲವಾದ ಆಕೃತಿ ಇಲ್ಲ.

ಬೇಕಾದ ಸಾಮಗ್ರಿ ಮತ್ತು ಸಲಕರಣೆಗಳು

ತಗಡು 0.7 ಮಿ.ಮೀ. ದಪ್ಪದ ತಾಮ್ರವಾಗಿರಲಿ, ಅಂಗಡಿಯಲ್ಲಿ 22 ಗೇಜ್ ಎಂದು ಕೇಳಬೇಕು. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳುವಾಗುತ್ತದೆ ಎಂಬುದನ್ನು ಮರೆತು 28 ಗೇಜಿನ ತಗಡು ತಂದವರಿಗೆ ಮೊದಲ ಉಬ್ಬಿನಲ್ಲೇ ತೂತು ಸಿಗುತ್ತದೆ. ಹಿತ್ತಾಳೆ ತಾಮ್ರಕ್ಕಿಂತ ಬೇಗ ಗಟ್ಟಿಯಾಗುವ ಲೋಹವಾದ್ದರಿಂದ ಅದನ್ನು ಎರಡನೆಯ ಕೆಲಸಕ್ಕೆ ಇಟ್ಟುಕೊಳ್ಳಿ. ಅಗ್ಗವೆಂದು ಅಲ್ಯೂಮಿನಿಯಂನಲ್ಲಿ ಕಲಿಯಲು ಹೋಗಬಾರದು. 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಆ ಲೋಹ ಕೆಂಪೇರುವ ಸೂಚನೆಯನ್ನೇ ಕೊಡದೆ ಕುಸಿದುಬಿಡುತ್ತದೆ.

ಸುತ್ತಿಗೆಯ ತಲೆ 100ರಿಂದ 150 ಗ್ರಾಂ ತೂಕದ್ದಾಗಿರಬೇಕು, ಬಡಿಯುವ ಮುಖ 25 ಮಿ.ಮೀ.ಗಿಂತ ಅಗಲವಾಗಿರಬೇಕು, ಹಿಡಿ ತೆಳುವಾಗಿದ್ದು ಸ್ವಲ್ಪ ಬಳುಕಬೇಕು. ಮುಖ ಅಗಲವಾಗಿದ್ದರೆ ಕಣ್ಣನ್ನು ಉಳಿಯ ತುದಿಯಲ್ಲೇ ನೆಟ್ಟು ಕೆಲಸ ಮಾಡಬಹುದು. ಬಡಗಿಯ ಅರ್ಧ ಕಿಲೋ ಸುತ್ತಿಗೆ ಹಿಡಿದವರು ಪ್ರತಿ ಏಟಿಗೂ ಉಳಿಯ ತಲೆಯನ್ನು ನೋಡಬೇಕಾಗುತ್ತದೆ, ಗೆರೆ ಅಲ್ಲೇ ತಪ್ಪುತ್ತದೆ.

ಇವುಗಳ ಜೊತೆಗೆ ಹುಣಸೆ ಮರದ ಕೊಡತಿ, ಮರದ ದಿಮ್ಮಿ, ತಗಡು ಕತ್ತರಿ, ಉದ್ದ ಹಿಡಿಯ ಇಕ್ಕಳ, ನಯವಾದ ಅರ, ಗ್ಯಾಸಿನ ಬ್ಲೋ ಟಾರ್ಚ್, ಬೆಂಕಿ ತಾಳುವ ನಾಲ್ಕಾರು ಇಟ್ಟಿಗೆ, ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ ಅಥವಾ ಮುಚ್ಚುಬಿರಡೆ ಬೇಕು. ಒಂದು ಬಕೆಟ್ ನೀರು ಮತ್ತು ಒಂದು ಬಕೆಟ್ ಮರಳು ಕೈಗೆಟುಕುವಷ್ಟು ದೂರದಲ್ಲೇ ಇರಬೇಕು.

ಹಂತ 1: ಉಳಿಗಳನ್ನು ಸಿದ್ಧಪಡಿಸುವುದು

ಈ ಕೆಲಸದ ಉಳಿ ಲೋಹವನ್ನು ಕತ್ತರಿಸಬಾರದು, ತಳ್ಳಬೇಕು. ನಾಗಮಂಗಲದ ಕಡೆ ಎರಕದ ವಿಗ್ರಹಗಳಿಗೆ ಕೊನೆಯ ವಿವರ ಕೊಡಲು ಬಳಸುವ ಹರಿತವಾದ ಚಾಣವನ್ನು ನೋಡಿ ಅಂಥದ್ದನ್ನೇ ತಗಡಿಗೂ ಹಚ್ಚುವವರಿದ್ದಾರೆ. ಎರಕದ ದಪ್ಪ ಲೋಹದಲ್ಲಿ ಆ ಚಾಣ ಸಿಪ್ಪೆ ತೆಗೆಯುತ್ತದೆ. ತೆಳುವಾದ ತಗಡಿನಲ್ಲಿ ಅದು ಮಾಡುವ ಗಾಯವೇ ಮುಂದೆ ಬಿರುಕಾಗುತ್ತದೆ.

ಆರಂಭಕ್ಕೆ ನಾಲ್ಕು ಬಗೆಯ ಉಳಿಗಳು ಸಾಕು. ಮೊದಲನೆಯದು ಗೆರೆ ಉಳಿ: ತುದಿ 5-6 ಮಿ.ಮೀ. ಅಗಲವಾಗಿ, ಅಂಚು ದುಂಡಾಗಿ, ಎರಡೂ ಮೂಲೆಗಳು ಸವೆಸಿದಂತಿರಬೇಕು. ಬಾಗಿದ ಗೆರೆಗಳಿಗಾಗಿ ಇದರದೇ 3 ಮಿ.ಮೀ. ಅಗಲದ ಇನ್ನೊಂದು ಬೇಕು. ಎರಡನೆಯದು ಹಿಂದಿನಿಂದ ಉಬ್ಬಿಸಲು ಗುಂಡು ಉಳಿ, 12 ಮತ್ತು 7 ಮಿ.ಮೀ. ತುದಿಯ ಎರಡು. ಮೂರನೆಯದು ಹಿನ್ನೆಲೆಯನ್ನು ತಗ್ಗಿಸಲು ಮಟ್ಟದ ಉಳಿ: ಚಪ್ಪಟೆ ಮುಖ, ಆದರೆ ಅಂಚುಗಳು ಮುರಿದಿರಬೇಕು. ನಾಲ್ಕನೆಯದು ಚುಕ್ಕಿ ಉಳಿ.

ಇವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಟೂಲ್ ಸ್ಟೀಲಿನ ಸರಳು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗುಜರಿ ಅಂಗಡಿಯಲ್ಲಿ ಸಿಗುವ ವಾಹನದ ಸುರುಳಿ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ, ನೆಟ್ಟಗೆ ಮಾಡಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟು, 10-11 ಸೆಂ.ಮೀ. ಉದ್ದಕ್ಕೆ ತುಂಡರಿಸಿಕೊಳ್ಳಬೇಕು. ಅರದಿಂದ ತುದಿಗೆ ಆಕಾರ ಕೊಟ್ಟು, ಉಪ್ಪು ಕಾಗದದಿಂದ ಉಜ್ಜಿ ಕನ್ನಡಿಯ ಹೊಳಪು ಬರುವವರೆಗೆ ನಯ ಮಾಡಿದ ಮೇಲೆಯೇ ಗಟ್ಟಿ ಮಾಡುವ ಕೆಲಸಕ್ಕೆ ಕೈಹಾಕಬೇಕು. ಉಳಿಯ ತುದಿಯ ಪ್ರತಿಯೊಂದು ಗೀರೂ ತಗಡಿನ ಮೇಲೆ ನೂರಾರು ಸಲ ಅಚ್ಚಾಗುತ್ತದೆ.

ಗಟ್ಟಿ ಮಾಡಲು ತುದಿಯ 2-3 ಸೆಂ.ಮೀ. ಭಾಗವನ್ನು ಮಾತ್ರ ಕಾಯಿಸಿ. ಉಕ್ಕಿಗೆ ಆಯಸ್ಕಾಂತ ಹಿಡಿಯುವುದು ಸುಮಾರು 770 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ತುಸು ಮೇಲೆ ಹೋದೊಡನೆ ಎಣ್ಣೆಯಲ್ಲಿ ನೆಟ್ಟಗೆ ಅದ್ದಬೇಕು. ತುದಿಯ ಮೇಲೆ ಅರ ಜಾರಿದರೆ ಉಕ್ಕು ಗಟ್ಟಿಯಾಗಿದೆ ಎಂದರ್ಥ. ಹಾಗೆಯೇ ಬಿಟ್ಟರೆ ಅದು ಗಾಜಿನಷ್ಟು ಪೆಡಸು. ಕಪ್ಪನ್ನು ಉಜ್ಜಿ ತೆಗೆದು, ಉಳಿಯ ನಡುಭಾಗಕ್ಕೆ ಸಣ್ಣ ಉರಿ ಹಿಡಿದರೆ ಬಣ್ಣಗಳು ತುದಿಯ ಕಡೆಗೆ ಹರಿಯುತ್ತವೆ. ಒಣಹುಲ್ಲಿನ ಹಳದಿ, ಅಂದರೆ 220-230 ಡಿಗ್ರಿಯ ಬಣ್ಣ, ತುದಿಗೆ ಮುಟ್ಟಿದ ಕ್ಷಣ ಮತ್ತೆ ಅದ್ದಿ. ನೀಲಿ ತುದಿಗೆ ಬಂದುಬಿಟ್ಟರೆ ಉಳಿ ಮೆತ್ತಗಾಗಿದೆ, ಮೊದಲಿನಿಂದ ಮಾಡಬೇಕು. ಏಟು ತಿನ್ನುವ ತಲೆಯನ್ನು ಎಂದೂ ಗಟ್ಟಿ ಮಾಡಬಾರದು. ಅಲ್ಲಿಂದ ಚೂರು ಸಿಡಿದು ಕಣ್ಣಿಗೆ ಹಾರುತ್ತದೆ. ಬಳಸುತ್ತ ತಲೆ ಅಣಬೆಯಂತೆ ಹರಡಿದಾಗಲೂ ಅಂಚನ್ನು ಅರದಿಂದ ಉಜ್ಜಿ ತೆಗೆಯಬೇಕು.

ಹಂತ 2: ಅರಗಿನ ಪಾಕ

ಅರಗು ತಗಡನ್ನು ಹಿಡಿದಿಡುತ್ತದೆ, ಏಟು ಬಿದ್ದಲ್ಲಿ ಮಾತ್ರ ನಿಧಾನವಾಗಿ ಜಾಗ ಬಿಡುತ್ತದೆ. ರಾಳ, ನುಣ್ಣನೆಯ ಇಟ್ಟಿಗೆ ಪುಡಿ, ಹರಳೆಣ್ಣೆ, ಇವಿಷ್ಟೇ ಬೇಕಾದ ವಸ್ತುಗಳು. ಊದುಬತ್ತಿಯ ಊರಾದ ಮೈಸೂರಿನಲ್ಲಿ ಗ್ರಂಧಿಗೆ ಅಂಗಡಿಗಳಲ್ಲಿ ಕೇಳಿದರೆ ರಾಳಕ್ಕೆ ಹೆಚ್ಚು ಅಲೆಯಬೇಕಾಗುವುದಿಲ್ಲ. ಇಟ್ಟಿಗೆ ಪುಡಿಗೆ ಚೆನ್ನಾಗಿ ಬೆಂದ ನಾಡ ಹೆಂಚಿನ ಚೂರು ಕುಟ್ಟಿಕೊಳ್ಳಬಹುದು. ಕನ್ನಂಬಾಡಿ ಕಟ್ಟೆಯ ಗಾರೆಗೆ ಸೇರಿಸಿದ ಸುರ್ಕಿಯೂ ಇಂಥ ಪುಡಿಯೇ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸುವುದು ಕಡ್ಡಾಯ. ಪುಡಿಯಲ್ಲಿ ತೇವ ಉಳಿದಿದ್ದರೆ ಬಿಸಿ ರಾಳ ನೊರೆಯೆದ್ದು ಸಿಡಿಯುತ್ತದೆ.

ಒಂದು ಕಿಲೋ ರಾಳವನ್ನು ದಪ್ಪ ತಳದ ಪಾತ್ರೆಯಲ್ಲಿ, ಬಯಲಿನಲ್ಲಿ, ಸಣ್ಣ ಉರಿಯಲ್ಲಿ ಕರಗಿಸಿ, ಸುಮಾರು ಅಷ್ಟೇ ತೂಕದ ಪುಡಿಯನ್ನು ಹಿಡಿಹಿಡಿಯಾಗಿ ಬೆರೆಸಿ, ಕೊನೆಯಲ್ಲಿ ಎರಡು ಮೂರು ಚಮಚ ಹರಳೆಣ್ಣೆ ಹಾಕಿ ತಿರುವಬೇಕು. ಹೊಗೆ ಏಳತೊಡಗಿದರೆ ಉರಿ ಹೆಚ್ಚಾಯಿತೆಂದು ತಿಳಿಯಿರಿ. ಸುಟ್ಟ ಅರಗು ಪುಡಿಪುಡಿಯಾಗುತ್ತದೆ, ಅದನ್ನು ಎಣ್ಣೆ ಹಾಕಿ ಸರಿಪಡಿಸಲು ಬರುವುದಿಲ್ಲ. ಪಾತ್ರೆಗೆ ಬೆಂಕಿ ಹತ್ತಿದರೆ ನೀರು ಹಾಕದೆ ಮುಚ್ಚಳ ಮುಚ್ಚಿ, ಒಲೆ ಆರಿಸಿ.

ಹದ ನೋಡುವ ಬಗೆ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ: ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವಂತೆ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಉಂಡೆ ಮಾಡಬೇಕು. ಆ ಉಂಡೆಗೆ ಉಗುರು ಒತ್ತಿದರೆ ಗುರುತು ಬೀಳಬೇಕು; ನಿಧಾನವಾಗಿ ಬಗ್ಗಿಸಿದರೆ ಬಗ್ಗಬೇಕು, ಕಲ್ಲಿನ ಮೇಲೆ ಬಲವಾಗಿ ಹೊಡೆದರೆ ಒಡೆಯಬೇಕು. ಬಗ್ಗದೆ ಒಡೆದರೆ ಎಣ್ಣೆ ಸಾಲದು, ಬೆರಳಿಗೆ ಅಂಟಿ ಎಳೆಯಾದರೆ ಪುಡಿ ಸಾಲದು. ಅಳತೆ ಚಮಚಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳುವುದು ಲೇಸು, ಏಕೆಂದರೆ ಡಿಸೆಂಬರಿನ ಬೆಳಗಿನಲ್ಲಿ ಸರಿಯಾಗಿದ್ದ ಪಾಕವೇ ಏಪ್ರಿಲಿನ ಮಧ್ಯಾಹ್ನ ಮೆತ್ತಗಾಗಿ ಉಳಿಯ ಏಟನ್ನು ನುಂಗಿಬಿಡುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ ಎರಡು ಪಾಕಗಳನ್ನು ಬೇರೆಬೇರೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಪಾಕವನ್ನು ಗಟ್ಟಿಯಾದ ಕಬ್ಬಿಣದ ಬಾಂಡ್ಲಿಗೆ, ಅಂಚಿಗಿಂತ ಸ್ವಲ್ಪ ಮೇಲೇಳುವಷ್ಟು ಸುರಿದು ಆರಿಸಿ. ಹಗ್ಗ ಸುತ್ತಿ ಮಾಡಿದ ದಪ್ಪ ಸಿಂಬೆಯ ಮೇಲೆ ಬಾಂಡ್ಲಿಯನ್ನು ಕೂರಿಸಿದರೆ ಬೇಕಾದ ಕಡೆಗೆ ವಾಲಿಸಿ ತಿರುಗಿಸಿಕೊಳ್ಳಬಹುದು. ಬಿಸಿ ಅರಗು ಚರ್ಮಕ್ಕೆ ತಾಗಿದರೆ ಕೀಳಲು ಹೋಗದೆ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ವೈದ್ಯರಿಗೆ ತೋರಿಸಬೇಕು; ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ.

ಹಂತ 3: ತಗಡನ್ನು ಹದ ಕಾಯಿಸುವುದು

ತಗಡನ್ನು ಕತ್ತರಿಸಿ, ಅಂಚಿನ ಮುಳ್ಳನ್ನು ಅರದಿಂದ ಉಜ್ಜಿದ ಕೂಡಲೇ ಮೊದಲ ಸಲ ಹದ ಕಾಯಿಸಬೇಕು, ಅಂದರೆ ಏಟಿನಿಂದ ಗಟ್ಟಿಯಾಗುವ ಲೋಹವನ್ನು ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಬೇಕು. ಅಂಗಡಿಯಿಂದ ತಂದ ತಗಡು ಮೆತ್ತಗಿದೆ ಎಂದು ನಂಬಬಾರದು.

ಇಟ್ಟಿಗೆಗಳ ಮೇಲೆ ತಗಡನ್ನಿಟ್ಟು, ಬೆಳಕು ಕಡಿಮೆ ಇರುವ ಕಡೆ, ಉರಿಯನ್ನು ನಿಲ್ಲಿಸದೆ ಆಡಿಸುತ್ತ ಇಡೀ ತಗಡು ಮಂದ ಕೆಂಪಾಗುವವರೆಗೆ ಕಾಯಿಸಿ. ಬಿಸಿಲಿನಲ್ಲಿ ಕೂತು ಕಾಯಿಸುವವರಿಗೆ ಮಂದ ಕೆಂಪು ಕಾಣುವುದೇ ಇಲ್ಲ. ಅವರಿಗೆ ಕೆಂಪು ಕಾಣುವ ಹೊತ್ತಿಗೆ ಬಿಸಿ ಮಿತಿಮೀರಿರುತ್ತದೆ. ಹೀಗೆ ಹೆಚ್ಚು ಕಾದ ತಾಮ್ರದ ಒಳಗಿನ ಹರಳುಗಳು ದೊಡ್ಡದಾಗಿ, ಮುಂದೆ ಬಡಿದಾಗ ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುತ್ತದೆ. ಆ ತರಿ ಕಂಡರೆ ಮುಂದಿನ ಸಲ ಉರಿ ಇಳಿಸಿ.

ಕಾದ ತಾಮ್ರವನ್ನು ನೇರವಾಗಿ ನೀರಿಗೆ ಹಾಕಬಹುದು, ಅದರಿಂದ ಅದು ಗಟ್ಟಿಯಾಗುವುದಿಲ್ಲ. ಹಿತ್ತಾಳೆಯನ್ನು ಮಾತ್ರ ಕೆಂಪು ಪೂರ್ತಿ ಹೋಗುವವರೆಗೆ ಗಾಳಿಯಲ್ಲಿ ಆರಲು ಬಿಡಬೇಕು, ಕೆಂಪಾಗಿದ್ದಾಗಲೇ ಅದ್ದಿದರೆ ಬಿರುಕು ಬಿಡುವ ಅಪಾಯವಿದೆ. ಹಿತ್ತಾಳೆಯಿಂದ ಬಿಳಿ ಹೊಗೆ ಎದ್ದರೆ ಸತು ಆವಿಯಾಗುತ್ತಿದೆ. ಉರಿ ತೆಗೆದು ದೂರ ಸರಿಯಿರಿ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಕಪ್ಪು ತೆಗೆಯಲು ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ನೆನೆಹಾಕಿದರೆ ಸಾಕು. ಹುಣಸೆಹಣ್ಣೂ ನಡೆಯುತ್ತದೆ, ಹೊತ್ತು ಹಿಡಿಯುತ್ತದೆ. ಗಂಧಕಾಮ್ಲದ ಗೋಜಿಗೆ ಹೊಸಬರು ಹೋಗದಿರುವುದೇ ವಾಸಿ.

ಹಂತ 4: ಚಿತ್ರ ಇಳಿಸಿ ಅರಗಿನ ಮೇಲೆ ಕೂರಿಸುವುದು

ಆಕೃತಿಯ ಸುತ್ತ ಕನಿಷ್ಠ 3 ಸೆಂ.ಮೀ. ಖಾಲಿ ಬಿಡಿ, ಉಬ್ಬಿಗೆ ಬೇಕಾದ ಲೋಹದ ಸ್ವಲ್ಪ ಭಾಗ ಅಲ್ಲಿಂದಲೇ ಬರಬೇಕು. ಕಾರ್ಬನ್ ಕಾಗದದಿಂದ ಚಿತ್ರ ಇಳಿಸಿ, ಅಳಿಸದ ಪೆನ್ನಿನಿಂದ ತಿದ್ದಿ. ಕೈವಾರದ ಮೊನೆಯಿಂದ ಆಳವಾಗಿ ಗೀಚಿದರೆ ಬಿರುಕಿಗೆ ದಾರಿ ಮಾಡಿಕೊಟ್ಟಂತೆ.

ತಗಡಿನ ನಾಲ್ಕು ಮೂಲೆಗಳನ್ನು ಅರಗಿನ ಕಡೆಗೆ ಅರ್ಧ ಸೆಂ.ಮೀ. ಬಗ್ಗಿಸಿ, ಹಿಂಬದಿಗೆ ಎಣ್ಣೆಯ ಕೈ ಒರೆಸಿ, ಅರಗಿನ ಮೇಲ್ಮೈ ಹೊಳೆಯುವವರೆಗೆ ಟಾರ್ಚ್ ಆಡಿಸಿ ಮೆದುಮಾಡಿ, ತಗಡಿನ ಒಂದು ಅಂಚನ್ನು ಮೊದಲು ತಾಗಿಸಿ ಉಳಿದದ್ದನ್ನು ನಿಧಾನವಾಗಿ ಇಳಿಸುತ್ತ ಒತ್ತಬೇಕು. ನೆಟ್ಟಗೆ ಒಮ್ಮೆಲೇ ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಉಳಿಯ ಹಿಂಬದಿಯಿಂದ ತಗಡಿನ ಉದ್ದಗಲಕ್ಕೂ ತಟ್ಟಿ ನೋಡಿ. ಎಲ್ಲ ಕಡೆ ಮಂದವಾದ ದಬ್ ಎಂಬ ಸದ್ದು ಬರಬೇಕು. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಅಲ್ಲಿ ಆಸರೆಯಿಲ್ಲ, ಮೊದಲ ಬಲವಾದ ಏಟಿಗೇ ತಗಡು ಒಳಗೆ ಕುಸಿಯುತ್ತದೆ. ಬೇಸರಪಡದೆ ಬಿಡಿಸಿ ಮತ್ತೆ ಕೂರಿಸಿ.

ಹಂತ 5: ಮುಂಬದಿಯಿಂದ ಗೆರೆ

ಮೊದಲು ಹಿಂದಿನಿಂದ ಉಬ್ಬಿಸಿ ಆಮೇಲೆ ಗೆರೆ ಹಾಕುವುದು ಸಾಮಾನ್ಯವಾಗಿ ಕಾಣುವ ಕ್ರಮದ ತಪ್ಪು. ಗೆರೆ ಮೊದಲು ಬಿದ್ದರೆ ಅದು ಹಿಂಬದಿಯಲ್ಲಿ ಏಣಾಗಿ ಎದ್ದು ಕಾಣುತ್ತದೆ, ಎಲ್ಲಿಯವರೆಗೆ ಉಬ್ಬಿಸಬೇಕೆಂಬುದಕ್ಕೆ ಆ ಏಣೇ ಗುರುತು.

ಉಳಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ತುದಿಯ ಹತ್ತಿರ ಹಿಡಿದು, ಉಂಗುರದ ಬೆರಳು ಮತ್ತು ಕಿರುಬೆರಳನ್ನು ತಗಡಿನ ಮೇಲೆ ಊರಿ. ಗೆರೆ ಸಾಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಉಳಿಯ ತಲೆಯನ್ನು ತುಸು ಹಿಂದಕ್ಕೆ ವಾಲಿಸಿದರೆ, ತುದಿಯ ಮುಂದಿನ ಮೂಲೆ ಕೂದಲೆಳೆಯಷ್ಟು ಮೇಲೆದ್ದು, ಪ್ರತಿ ಏಟಿಗೂ ಉಳಿ ತಾನಾಗಿ ಮುಂದೆ ಜರುಗುತ್ತದೆ. ಸಣ್ಣ ಏಟು, ಒಂದೇ ಲಯ, ಉಳಿಯನ್ನು ಎತ್ತದೆ ಸಾಗುವುದು. ಹಲ್ಲುಹಲ್ಲಾದ ಗೆರೆ ಬಂದರೆ ಉಳಿ ಪ್ರತಿ ಏಟಿಗೂ ತನ್ನ ಅಗಲದ ಅರ್ಧಕ್ಕಿಂತ ಹೆಚ್ಚು ಜಿಗಿಯುತ್ತಿದೆ ಎಂದರ್ಥ. ಉಳಿ ಮುಂದೆ ಹೋಗದೆ ಒಂದೇ ಕಡೆ ಕಚ್ಚಿದರೆ ಅದು ನೆಟ್ಟಗೆ ನಿಂತಿದೆ.

ಮಾವಿನಕಾಯಿಯ ಹೊಟ್ಟೆಯನ್ನು ಅಗಲದ ಉಳಿಯಿಂದ ಹಾಕಿ, ತುದಿಯ ಬಾಗಿಗೆ ಬಂದಾಗ 3 ಮಿ.ಮೀ. ಉಳಿಗೆ ಬದಲಿಸಿ, ಕೈಯನ್ನು ತಿರುಗಿಸುವ ಬದಲು ಬಾಂಡ್ಲಿಯನ್ನು ತಿರುಗಿಸಿ. ಮೊದಲ ಸುತ್ತಿನಲ್ಲಿ ಗೆರೆ ತೆಳುವಾಗಿ ಕಂಡರೆ ಸಾಕು, ಆಳ ಎರಡನೆಯ ಸುತ್ತಿಗೆ.

ಹಂತ 6: ಹಿಂದಿನಿಂದ ಉಬ್ಬಿಸುವುದು

ಬಹುಪಾಲು ತಗಡುಗಳು ಹಾಳಾಗುವುದು ಇಲ್ಲಿ. ಅರಗನ್ನು ಬಿಸಿಮಾಡಿ ತಗಡನ್ನು ಇಕ್ಕಳದಿಂದ ಬಿಡಿಸಿ, ತಣ್ಣಗಾದ ಮೇಲೆ, ಬೆಂಕಿಯಿಂದ ದೂರದಲ್ಲಿ, ಸೀಮೆಎಣ್ಣೆಯ ಬಟ್ಟೆಯಿಂದ ಅಂಟಿದ್ದನ್ನು ಒರೆಸಿ ತೆಗೆದು, ಸೋಪಿನಲ್ಲಿ ತೊಳೆದು ಒಣಗಿಸಿ. ಒರೆಸದೆ ಕಾಯಿಸಿದರೆ ಅರಗು ಕರಕಾಗಿ ಲೋಹಕ್ಕೆ ಹತ್ತಿಕೊಳ್ಳುತ್ತದೆ. ಅನಂತರ ಎರಡನೆಯ ಸಲ ಹದ ಕಾಯಿಸಿ, ಶುಚಿ ಮಾಡಿ, ಮೂಲೆಗಳನ್ನು ಈಗ ವಿರುದ್ಧ ದಿಕ್ಕಿಗೆ ಬಗ್ಗಿಸಿ, ಹಿಂಬದಿ ಮೇಲೆ ಬರುವಂತೆ ಅರಗಿನಲ್ಲಿ ಕೂರಿಸಿ, ಸದ್ದು ಪರೀಕ್ಷಿಸಿ. ಉಬ್ಬಿಸುವ ಕೆಲಸಕ್ಕೆ ಅರಗು ಗೆರೆಯ ಹಂತಕ್ಕಿಂತ ಕೊಂಚ ಬೆಚ್ಚಗೆ, ಮೆದುವಾಗಿರಬೇಕು. ಏಟಿಗೆ ಅರಗಿನ ಚೂರು ಹಾರಿದರೆ ಅದು ತಣ್ಣಗಾಯಿತು. ಉಳಿ ಬಿದ್ದಲ್ಲಿ ಸುತ್ತಲಿನ ತಗಡೂ ಅಗಲವಾಗಿ ತಗ್ಗಿದರೆ ಅದು ತೀರ ಮೆದುವಾಯಿತು.

12 ಮಿ.ಮೀ. ಗುಂಡು ಉಳಿಯಿಂದ, ಏಣಿನಿಂದ 3 ಮಿ.ಮೀ. ಒಳಗೆ ಆರಂಭಿಸಿ, ಸಾಲುಸಾಲಾಗಿ ಹೊಟ್ಟೆಯ ನಡುವಿನ ಕಡೆಗೆ ಸಾಗಿ. ಪ್ರತಿ ಏಟು ಹಿಂದಿನದರ ಮೇಲೆ ಅರ್ಧ ಹೊದೆಯಬೇಕು. ಒಂದೇ ಜಾಗದಲ್ಲಿ ಆಳ ಹುಡುಕಬಾರದು: ಅಲ್ಲಿನ ಲೋಹ ಮಾತ್ರ ತೆಳುವಾಗಿ ಹರಿಯುತ್ತದೆ, ಸುತ್ತಲಿನದು ಹಾಗೆಯೇ ಉಳಿಯುತ್ತದೆ. ಏಣಿನ ಬುಡಕ್ಕೇ ಉಳಿ ಇಟ್ಟು ಗೋಡೆಯಂತೆ ನೆಟ್ಟಗೆ ಇಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಅಂಚಿನ ಬಿರುಕುಗಳು ಹೆಚ್ಚಾಗಿ ಹುಟ್ಟುವುದು ಅದರಿಂದಲೇ.

8 ಮಿ.ಮೀ. ಆಳವನ್ನು ಮೂರು ಸುತ್ತಿನಲ್ಲಿ, ಸುಮಾರು 3, 6, 8 ಎಂದು ತಲುಪಬೇಕು. ಪ್ರತಿ ಎರಡು ಸುತ್ತಿನ ನಡುವೆ ಬಿಡಿಸಿ, ಹದ ಕಾಯಿಸಿ, ಮತ್ತೆ ಕೂರಿಸಬೇಕು. ಇಷ್ಟು ಸಲ ಬಿಡಿಸಿ ಹಚ್ಚುವುದು ಕಾಲಹರಣವೆಂದು ತೋರುವುದು ಸಹಜ, ಆದರೆ ಈ ಕೆಲಸದಲ್ಲಿ ಸಮಯದ ದೊಡ್ಡ ಪಾಲು ಬಡಿಯುವುದಕ್ಕಲ್ಲ, ಕಾಯಿಸುವುದಕ್ಕೂ ಕೂರಿಸುವುದಕ್ಕೂ ಹೋಗುತ್ತದೆ. ಸುತ್ತು ಮುಗಿಯುವ ಮೊದಲೇ ತಗಡು ಗಟ್ಟಿಯಾದರೆ ಮೂರು ಸೂಚನೆಗಳು ಸಿಗುತ್ತವೆ: ಅದೇ ಏಟಿಗೆ ಗುರುತು ಮೊದಲಿನಷ್ಟು ಬೀಳುವುದಿಲ್ಲ, ಸುತ್ತಿಗೆ ಕೈಗೆ ಹಿಂದಕ್ಕೆ ಚಿಮ್ಮುತ್ತದೆ, ಸದ್ದು ಏರಿ ಟಣಟಣ ಎನ್ನುತ್ತದೆ. ಸದ್ದು ಒಂದೇ ಕಡೆ ಬದಲಾದರೆ ಕೆಳಗೆ ಟೊಳ್ಳು, ಬಡಿದ ಜಾಗದಲ್ಲೆಲ್ಲ ಬದಲಾದರೆ ಲೋಹ ಗಟ್ಟಿಯಾಗಿದೆ. ಆಗ ಇನ್ನೂ ನಾಲ್ಕು ಏಟು ಹಾಕಿ ಮುಗಿಸಿಬಿಡೋಣ ಎನ್ನಬಾರದು.

ಬಾಗಿದ ತುದಿಗೆ 7 ಮಿ.ಮೀ. ಉಳಿ ಬಳಸಿ, ಅಲ್ಲಿ ಆಳವನ್ನು 4 ಮಿ.ಮೀ.ಗೆ ನಿಲ್ಲಿಸಿ. ಇಕ್ಕಟ್ಟಾದ ಜಾಗಕ್ಕೆ ಲೋಹ ಹರಿದುಬರುವ ದಾರಿ ಕಡಿಮೆ.

ಇಷ್ಟಾದರೂ ಸಣ್ಣ ಬಿರುಕು ಬಂದರೆ ತಕ್ಷಣ ನಿಲ್ಲಿಸಿ, ತಗಡು ಬಿಡಿಸಿ ಅರಗಿನ ಅಂಶ ಉಳಿಯದಂತೆ ತೊಳೆದು, ಹಿಂಬದಿಯಿಂದ ಬೆಳ್ಳಿಯ ಬೆಸುಗೆ ಹಾಕಬಹುದು. ಬೆಸುಗೆ ಹರಿಯುವ ಬಿಸಿಗಿಂತ ಕೆಳಗೇ ಮುಂದಿನ ಹದ ಕಾಯಿಸುವಿಕೆ ನಡೆಯಬೇಕು. ಒಂದು ಸೆಂ.ಮೀ.ಗಿಂತ ಉದ್ದದ ಬಿರುಕಾದರೆ ಹೊಸ ತಗಡು ತೆಗೆದುಕೊಳ್ಳಿ.

ಹಂತ 7: ಮತ್ತೆ ಮುಂಬದಿ

ಬಿಡಿಸಿ, ಶುಚಿ ಮಾಡಿ, ಹದ ಕಾಯಿಸಿದ ತಗಡಿನ ಹಿಂಬದಿಯ ಗುಳಿಗೆ ಕರಗಿದ ಅರಗನ್ನು ಮಟ್ಟಕ್ಕೆ ತುಂಬಿ, ಅದು ಗಟ್ಟಿಯಾದ ಮೇಲೆ ಮುಂಬದಿ ಮೇಲಾಗಿ ಬಾಂಡ್ಲಿಯ ಅರಗಿನ ಮೇಲೆ ಕೂರಿಸಬೇಕು. ತುಂಬದೆ ಕೂರಿಸಿದರೆ ಉಬ್ಬು ಗೆರೆ ಉಳಿಯ ಕೆಳಗೇ ಕುಸಿಯುತ್ತದೆ.

ಮೊದಲು ಗೆರೆ ಉಳಿಯಿಂದ ಹೊರಗೆರೆಯನ್ನು ಸ್ಪಷ್ಟ ಮಾಡಿ, ಬಳಿಕ ಮಟ್ಟದ ಉಳಿಯಿಂದ ಗೆರೆಯ ಹೊರಬದಿಗೆ ಒತ್ತಿ ಹಿನ್ನೆಲೆಯನ್ನು ತಗ್ಗಿಸುತ್ತ ಹೊರಗೆ ಸಾಗಿ. ಉಬ್ಬಿನ ಒಳಗಿನ ಎಳೆಗಳು ಕೊನೆಗೆ. ಹಿನ್ನೆಲೆಯಲ್ಲಿ ತಗಡು ಬೆರಳಿಟ್ಟರೆ ಟಪ್ಪೆಂದು ಒಳಹೊರಗೆ ಆಡುತ್ತಿದ್ದರೆ ಅಲ್ಲಿ ಲೋಹ ಹೆಚ್ಚು ಹಿಗ್ಗಿದೆ. ಅದೇ ಜಾಗವನ್ನು ಬಡಿದರೆ ಅದು ಇನ್ನೂ ಹಿಗ್ಗುತ್ತದೆ. ಬಿಡಿಸಿ, ಹದ ಕಾಯಿಸಿ, ದಿಮ್ಮಿಯ ಮೇಲೆ ಕೊಡತಿಯಿಂದ ಅದರ ಸುತ್ತಲಿನ ಭಾಗವನ್ನು ಹಗುರವಾಗಿ ತಟ್ಟಿ. ಚಿಕ್ಕಪುಟ್ಟ ಏರುತಗ್ಗು ಉಳಿದರೆ ಚುಕ್ಕಿ ಉಳಿಯಿಂದ ಹಿನ್ನೆಲೆ ತುಂಬಬಹುದು. ಇದು ತಪ್ಪು ಮುಚ್ಚುವ ಉಪಾಯವೂ ಹೌದು, ನಯವಾದ ಉಬ್ಬನ್ನು ಎತ್ತಿ ತೋರಿಸುವ ಕ್ರಮವೂ ಹೌದು. ಚುಕ್ಕಿಗಳ ಆಳ ಮಾತ್ರ ಒಂದೇ ಸಮ ಇರಬೇಕು.

ಹಂತ 8: ಬಿಡಿಸಿ ಮುಗಿಸುವುದು

ಕೊನೆಯ ಸಲ ಬಿಡಿಸಿದ ಮೇಲೆ ಹದ ಕಾಯಿಸಬೇಡಿ. ಏಟಿನಿಂದ ಬಂದ ಗಟ್ಟಿತನವೇ ಫಲಕಕ್ಕೆ ಬಲ. ಸೀಮೆಎಣ್ಣೆಯಲ್ಲಿ ಅರಗು ಒರೆಸಿ, ಸೋಪಿನಿಂದ ತೊಳೆದು, ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿ ತೆಗೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಮೇಣ ಹಚ್ಚಿ. ಬಗ್ಗಿಸಿದ ಮೂಲೆಗಳನ್ನು ಕೊಡತಿಯಿಂದ ನೇರ ಮಾಡಿ, ಬೇಡದ ಅಂಚನ್ನು ಈಗ ಕತ್ತರಿಸಿ. ಮೊದಲೇ ಕತ್ತರಿಸಿದರೆ ಅರಗಿಗೆ ಹಿಡಿತ ಸಿಗುವುದಿಲ್ಲ.

ಬಾಂಡ್ಲಿಯನ್ನು ದೂಳು ಬೀಳದಂತೆ ಮುಚ್ಚಿಡಿ. ಅರಗಿನಲ್ಲಿ ಸೇರಿದ ಲೋಹದ ಚೂರು ಮುಂದಿನ ತಗಡಿನ ಮೇಲೆ ಗುರುತಾಗಿ ಮೂಡುತ್ತದೆ. ಉಳಿಗಳ ತುದಿಗೆ ಎಣ್ಣೆ ಸವರಿ, ಒಂದಕ್ಕೊಂದು ತಾಗದಂತೆ ಮರದ ತುಂಡಿನ ತೂತುಗಳಲ್ಲಿ ತುದಿ ಮೇಲಾಗಿ ನಿಲ್ಲಿಸಿ.